ಯಾವುದಕ್ಕೆಂದು ಕೇಳಬಾರದ ದಿನ

ಸಾಂಗ್ಲಿಗೆ ಹೋಗಿ ಬಂದದ್ದನ್ನು ಪರದೇಶ ಪ್ರವಾಸ ಎಂದು ಬರೆದರೆ ಧಾರವಾಡದಲ್ಲಿ ನಗುತ್ತಾರೆ. ನಸುಕಿನಲ್ಲಿ ಕಟ್ಟಿಕೊಂಡ ರೊಟ್ಟಿ ಇನ್ನೂ ಮೆತ್ತಗಿರುವಾಗಲೇ ಮಿರಜದಲ್ಲಿ ಇಳಿಯಬಹುದು. ಆದರೆ ನನ್ನ ಜೊತೆ ಬಂದ ಬಸನಗೌಡರು ಅದನ್ನು ಪರದೇಶವೆಂದೇ ತಿಳಿದಿದ್ದರು. ಘಟಪ್ರಭಾ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದಾಗ ಅವರ ಕೈಯಲ್ಲಿ ಒಂದು ಚೀಲ ಬಟ್ಟೆ, ಅದಕ್ಕಿಂತ ದೊಡ್ಡದೊಂದು ಚೀಲ ರೊಟ್ಟಿ, ಮತ್ತು ತಮ್ಮ ಬಾವಿಯ ನೀರು ತುಂಬಿ ಬಟ್ಟೆಯಿಂದ ಬಾಯಿ ಕಟ್ಟಿದ ಒಂದು ಕೊಡ ಇತ್ತು.

“ನೀರು ಅಲ್ಲೂ ಸಿಗತಾವ್ರೀ ಗೌಡ್ರ,” ಎಂದೆ. “ಕೃಷ್ಣಾ ಹೊಳಿ ಊರ ಬಾಜೂಕ ಹರೀತೈತಿ.”

“ಹರೀಲಿ ಬಿಡ್ರಿ ಸರ. ಅದು ಅವರ ನೀರು.”

ಗೌಡರು ತಮ್ಮೂರಿನ ಸಹಕಾರಿ ಸಂಘದ ಚೇರಮನ್ನರು. ಮಹಾರಾಷ್ಟ್ರದಲ್ಲಿ ರೈತರೇ ಕೂಡಿ ಸಕ್ಕರೆ ಕಾರ್ಖಾನೆ ಕಟ್ಟಿದ್ದಾರೆ, ಆ ಕಾರ್ಖಾನೆಯಿಂದ ಶಾಲೆ, ದವಾಖಾನೆ, ಕೊನೆಗೆ ಶಾಸಕರೂ ಹುಟ್ಟುತ್ತಾರೆ ಎಂಬ ಸುದ್ದಿ ಆಗ ನಮ್ಮ ಕಡೆಯ ಪ್ರತಿ ಸಂಘದ ಕಟ್ಟೆಯ ಮೇಲೂ ಇತ್ತು. ಅದನ್ನು ಕಣ್ಣಾರೆ ನೋಡಲು ಅವರು ಹೊರಟಿದ್ದರು. ನಾನು ಧಾರವಾಡದ ಒಂದು ತರಬೇತಿ ಸಂಸ್ಥೆಯಲ್ಲಿ ಸಹಕಾರದ ಚರಿತ್ರೆ ಹೇಳುತ್ತಿದ್ದೆ. ಅದಕ್ಕೂ ಮೊದಲು ಒಂದು ಕಾಲೇಜು, ಒಂದು ಪತ್ರಿಕೆ, ಒಂದು ವಿಮಾ ಕಚೇರಿ ಬಿಟ್ಟಿದ್ದೆ. ಆಧಾರವಿಲ್ಲದೆ ಯಾರ ಮಾತನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನನ್ನು ಯಾವ ಕಚೇರಿಯೂ ಬಹಳ ದಿನ ಸಹಿಸುವುದಿಲ್ಲ. ಗೌಡರ ಜೊತೆ ದುಭಾಷಿಯಾಗಿ ಯಾರು ಹೋಗುತ್ತೀರಿ ಎಂದು ಕೇಳಿದಾಗ ಕೈ ಎತ್ತಿದೆ. ನನ್ನ ಮರಾಠಿ ಅಷ್ಟಕ್ಕಷ್ಟೆ. ಕೈ ಎತ್ತಿದ್ದು ಸಾಂಗ್ಲಿ ಎಂಬ ಹೆಸರಿಗೆ.

ಅಲ್ಲಿ ಕುಸುಮಾಳ ತವರುಮನೆ ಇತ್ತು. ನನ್ನ ಜೊತೆ ಓದಿದವಳು. ಮದುವೆಯಾಗಬೇಕೆಂದುಕೊಂಡಿದ್ದೆವು, ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ನನ್ನ ಬಳಿ ಒಂದು ಗಟ್ಟಿಯಾದ ನೆನಪಿತ್ತು. ಮಿರಜ ಸ್ಟೇಶನ್ನು, ಅಲ್ಲೊಂದು ನೀರಿನ ಟಾಕಿ, ಅದರ ನೆರಳಲ್ಲಿ ನಿಂತು ಅವಳು, “ನಮ್ಮ ಮನಿಯವರು ನಿನ್ನ ಒಳಗ ಕರಿಯಾಕೂ ಒಪ್ಪಲಿಲ್ಲ,” ಎಂದದ್ದು. ಅನ್ಯಾಯವಾದದ್ದು ನನಗೆ ಎಂಬ ಬಗ್ಗೆ ಅಂದಿನಿಂದ ನನಗೆ ಸಂಶಯವಿರಲಿಲ್ಲ. ಉಳಿದ ಎಲ್ಲದರ ಬಗ್ಗೆ ಇತ್ತು.

ಮಿರಜ

ನಮ್ಮ ಸಣ್ಣ ಗಾಡಿ ಮಿರಜಕ್ಕೆ ಬಂದು ನಿಂತುಬಿಡುತ್ತದೆ. ಮುಂದೆ ಪುಣೆ ಕಡೆಗೆ ಹೋಗುವವರು ಗಂಟು ಮೂಟೆ ಹೊತ್ತು ಆಚೆಯ ದೊಡ್ಡ ಗಾಡಿಗೆ ಓಡಬೇಕು. ಎಲ್ಲರೂ ಓಡುತ್ತಿದ್ದಾಗ ನಾನು ನಿಂತು ನೀರಿನ ಟಾಕಿ ಹುಡುಕಿದೆ. ಧಾರವಾಡದ ಗಾಡಿ ನಿಲ್ಲುವ ಕಡೆ ಟಾಕಿಯೇ ಇರಲಿಲ್ಲ. ಅದು ಇದ್ದದ್ದು ದೂರದಲ್ಲಿ, ದೊಡ್ಡ ಗಾಡಿಗಳ ಆಚೆ. ಅದರ ನೆರಳು ಈ ಕಡೆಗೆ ಬೀಳುವುದು ಸಾಧ್ಯವಿರಲಿಲ್ಲ.

ಚಹಾ ಮಾರುತ್ತಿದ್ದ ಮುದುಕನನ್ನು, “ಮೊದಲು ಇಲ್ಲೊಂದು ಟಾಕಿ ಇತ್ತಲ್ಲ?” ಎಂದು ಕೇಳಿದೆ.

“ನಾ ಬಂದಾಗಿಂದ ಅಲ್ಲೇ ಐತ್ರಿ. ಯಾಕ, ನೀರು ಬೇಕಾಗಿತ್ತೇನು?”

“ನೀರು ನಮ್ಮ ಹಂತೇಕ ಐತಿ,” ಎಂದು ಗೌಡರು ಕೊಡ ಎತ್ತಿ ತೋರಿಸಿದರು.

ಹೊರಗೆ ಬಂದರೆ ಊರು ಕೆಂಪಾಗಿತ್ತು. ಹಿಂದಿನ ದಿನ ಅನಂತ ಚತುರ್ದಶಿ. ನಮ್ಮಲ್ಲಿ ಗಣಪತಿಯನ್ನು ಕಳಿಸಿ ಜನ ರಾತ್ರಿಯೇ ಮಲಗುತ್ತಾರೆ. ಮಿರಜದವರಿಗೆ ಆತುರವೇ ಇಲ್ಲ. ಮಾರನೆಯ ಮಧ್ಯಾಹ್ನವಾದರೂ ಕೊನೆಯ ಗಣಪತಿಗಳು ಕೆರೆಯ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದವು. ಡೊಳ್ಳು ಬಾರಿಸುವವರ ಕಣ್ಣು ಮುಚ್ಚಿದ್ದವು, ಕೈ ಮಾತ್ರ ಆಡುತ್ತಿತ್ತು. ಯಾರೋ ಒಂದು ಬೊಗಸೆ ಗುಲಾಲನ್ನು ಗೌಡರ ತಲೆಯ ಮೇಲೆ ಸುರಿದರು. ಬಿಳಿ ಟೊಪ್ಪಿಗೆ, ಬಿಳಿ ಅಂಗಿ, ಬಿಳಿ ಧೋತರ ಎಲ್ಲ ಒಂದೇ ಬಣ್ಣವಾಯಿತು.

“ಇವರ ಪರಿಚಯ ಐತೇನ್ರಿ ನಿಮಗ?” ಎಂದು ಗೌಡರು ನನ್ನನ್ನು ಕೇಳಿದರು.

“ಇಲ್ಲರಿ.”

“ಮತ್ತ ಪರಿಚಯ ಇಲ್ಲದ ಇಷ್ಟ ಹಾಕ್ಯಾರ. ಇದ್ದಿದ್ರ?”

ರಿಕ್ಷಾದ ಹುಡುಗನ ಹಿರಿಯರು ವಿಜಾಪುರ ಕಡೆಯವರಂತೆ. ನಾವು ಮಾತಾಡಿದ ಕನ್ನಡವೆಲ್ಲ ಅವನಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಗೌಡರು ಕನ್ನಡದಲ್ಲಿ ಕೇಳುತ್ತ, ಅವನು ಮರಾಠಿಯಲ್ಲಿ ಹೇಳುತ್ತ, ಇಬ್ಬರೂ ನನ್ನ ನೆರವಿಲ್ಲದೆ ಸಾಂಗ್ಲಿಯವರೆಗೆ ಮಾತಾಡಿದರು. ದುಭಾಷಿಯ ಕೆಲಸ ಅಲ್ಲಿಗೇ ಮುಗಿಯಿತು. ನಾನು ದಾರಿ ನೋಡುತ್ತ ಕುಳಿತೆ. ಅರ್ಧ ತಾಸೂ ಹಿಡಿಯದ ದಾರಿ. ಇಷ್ಟು ಹತ್ತಿರವೆಂದು ನನಗೆ ನೆನಪಿರಲಿಲ್ಲ.

ಕಾರ್ಖಾನೆ

ಕಾರ್ಖಾನೆ ಮಲಗಿತ್ತು. ಗೌಡರು ತಮ್ಮ ಹೊಲದ ಕೆಲಸ ಕಡಿಮೆಯಿರುವ ಕಾಲ ನೋಡಿ ಹೊರಟಿದ್ದರು. ಕಬ್ಬು ಕಡಿಯದ ಕಾಲದಲ್ಲಿ ಕಾರ್ಖಾನೆಗೂ ಕೆಲಸವಿರುವುದಿಲ್ಲ ಎಂಬುದು ಅವರಿಗಾಗಲಿ, ಸಹಕಾರದ ಚರಿತ್ರೆ ಹೇಳುವ ನನಗಾಗಲಿ ಹೊಳೆದಿರಲಿಲ್ಲ. ಗೇಟಿನಲ್ಲಿದ್ದ ವಾಚಮನ್, “ಹಂಗಾಮು ಸುರು ಆಗೂದು ದೀಪಾವಳಿ ಆದಮ್ಯಾಗ್ರಿ,” ಎಂದ. ಆದರೂ ದೂರದಿಂದ ಬಂದವರೆಂದು ಒಳಗೆ ಬಿಟ್ಟ.

ಕಬ್ಬು ಅರೆಯುವ ಗಾಣಗಳನ್ನು ಬಿಚ್ಚಿ ನೆಲದ ಮೇಲೆ ಮಲಗಿಸಿದ್ದರು. ಒಬ್ಬನು ಅವುಗಳ ಹಲ್ಲು ಉಜ್ಜುತ್ತಿದ್ದ. ಗೌಡರು ಒಂದು ಉರುಳೆಯ ಪಕ್ಕದಲ್ಲಿ ಕುಳಿತು, ಎತ್ತಿನ ಮೈ ಸವರುವಂತೆ ಅದನ್ನು ಸವರಿದರು. ಆಫೀಸಿನಲ್ಲಿ ನಮಗೆ ಚಹಾ ಕೊಟ್ಟರು, ಜೊತೆಗೆ ಭಡಂಗ. ನಮ್ಮ ಗಿರ್ಮಿಟ್ಟಿನಂತೆ ಇದೂ ಚುರಮರಿಯದೇ, ಆದರೆ ಗಿರ್ಮಿಟ್ಟಿನಲ್ಲಿ ಉಳ್ಳಾಗಡ್ಡಿ, ಹುಣಸೆಹುಳಿ ಬಂದು ಖಾರವನ್ನು ಸಮಾಧಾನ ಮಾಡುತ್ತವೆ. ಇಲ್ಲಿ ಬೆಳ್ಳುಳ್ಳಿ ಮತ್ತು ಖಾರ ಇಬ್ಬರೇ. ಗೌಡರು ಕಣ್ಣೊರೆಸಿಕೊಂಡು ತಮ್ಮ ಕೊಡದ ನೀರು ಕುಡಿದರು. ಅದು ಅಲ್ಲಿಗೆ ತೀರಿತು.

“ನಡೀರಿ ಸರ,” ಎಂದರು. “ಇನ್ನ ಅವರ ನೀರೇ ಗತಿ.”

ಅರಿಷಿಣ ಪೇಟೆ

ಮರುದಿನ ಬೆಳಿಗ್ಗೆ ಅರಿಷಿಣದ ಪೇಟೆಗೆ ಹೋದೆವು. ಸಾಂಗ್ಲಿಯಲ್ಲಿ ಅದನ್ನು ಮೊದಲು ಮೂಗು ನೋಡುತ್ತದೆ, ಆಮೇಲೆ ಕಣ್ಣು. ನಮ್ಮಲ್ಲಿ ಅರಿಷಿಣವೆಂದರೆ ಅಡಿಗೆಮನೆಯ ಸಣ್ಣ ಬಟ್ಟಲು. ಇಲ್ಲಿ ಅದು ಗೋಡೆ, ನೆಲ, ಹಮಾಲರ ರೆಪ್ಪೆ. ಗುಲಾಲು ಹತ್ತಿದ ಬಟ್ಟೆ ಬಿಟ್ಟು ಬೇರೆ ಉಟ್ಟುಕೊಂಡು ಬಂದಿದ್ದ ಗೌಡರು ದಲಾಲಿ ನಡೆಸುವ ಒಂದು ಅಡತಿ ಅಂಗಡಿಯಲ್ಲಿ ಚೀಲದ ಮೇಲೆ ಕುಳಿತು ಹಳದಿಯಾದರು.

ಅಂಗಡಿಯ ಯಜಮಾನರನ್ನು ಎಲ್ಲರೂ ತಾತ್ಯಾ ಅನ್ನುತ್ತಿದ್ದರು. ಕನ್ನಡ ಮೂಲದ ಜೈನರು. ನಾವು ಹೋದಾಗ ಅವರು ಗಾದಿಯ ಮೇಲೆ ಇರಲಿಲ್ಲ. ಅಂಗಡಿಯ ಮುಂದೆ ನಿಂತು ಹಮಾಲರಿಗೆ, ಅರಿಷಿಣ ಆರಿಸುವ ಹೆಣ್ಣುಮಕ್ಕಳಿಗೆ, ಕೈಗಾಡಿಯವನಿಗೆ, ಒಬ್ಬೊಬ್ಬರಿಗೂ ಕೈ ಮುಗಿದು ಹೇಳುತ್ತಿದ್ದರು: “ತಿಳದೋ ತಿಳೀದನೋ ಏನರ ತಪ್ಪಾಗಿದ್ರ ಕ್ಷಮಾ ಇರ್ಲಿ.”

ಒಬ್ಬ ಹಮಾಲ ತಿರುಗಿ ಕೈ ಮುಗಿದು, “ಕ್ಷಮಾ ಆತ್ರಿ ತಾತ್ಯಾ. ಹಮಾಲಿ ಯಾವಾಗ ಹೆಚ್ಚ ಮಾಡ್ತೀರಿ?” ಎಂದ.

“ಅದು ಬ್ಯಾರೆ ಹಬ್ಬಪಾ,” ಎಂದರು ತಾತ್ಯಾ. ಸುತ್ತಲಿದ್ದವರೆಲ್ಲ ನಕ್ಕರು.

ಆಮೇಲೆ ಅವರು ನಮ್ಮ ಮುಂದೆ ಬಂದು ಅದೇ ಮಾತು ಹೇಳಿದರು. ಗೌಡರು ಗಾಬರಿಯಾಗಿ ಎದ್ದು ನಿಂತರು. “ಅಲ್ಲರೀ, ನಾವು ನಿನ್ನೆರ ಬಂದೇವಿ. ನೀವು ನಮಗೇನ ತಪ್ಪ ಮಾಡೀರಿ?”

“ನನಗ ಗೊತ್ತಿಲ್ಲರಿ. ಅದಕ್ಕ ಕೇಳೂದು.” ತಾತ್ಯಾ ಅವರನ್ನು ಕೂರಿಸಿ ತಾವೂ ಕುಳಿತರು. ಭಾದ್ರಪದದ ಹತ್ತು ದಿನದ ಪರ್ವ ಮುಗಿದ ಮೇಲೆ ಒಂದು ದಿನ ಎಲ್ಲರ ಬಳಿ ಕ್ಷಮೆ ಬೇಡುವುದು ಅವರಲ್ಲಿ ಪದ್ಧತಿ. “ಇಂಥಾ ತಪ್ಪು ಅಂತ ಹೇಳಾಂಗಿಲ್ಲ, ಯಾವ ತಪ್ಪು ಅಂತ ಕೇಳಾಂಗಿಲ್ಲ. ಎದುರಿನವರೂ ಕೈ ಮುಗದು ಅದನ್ನ ಅನ್ನಬೇಕು. ಮುಗೀತು. ಇವತ್ತ ಯಾರ ಮನಿಗೆ ಯಾರು ಹೋದ್ರೂ ಯಾಕ ಬಂದಿ ಅಂತ ಕೇಳೂದಿಲ್ಲ.”

ಆ ಕೊನೆಯ ಮಾತು ನನ್ನನ್ನು ಹಿಡಿದುಕೊಂಡಿತು. ಕುಸುಮಾಳ ಮನೆಯವರೂ ಜೈನರೇ. ಅವರ ಮನೆತನದ ಹೆಸರು ಹೇಳಿ, ಮನೆ ಎಲ್ಲಿ ಎಂದು ಕೇಳಿದೆ.

“ಬಸದಿ ಓಣ್ಯಾಗ. ಹೋಗ್ರಿ, ಇವತ್ತ ಅಲ್ಲಿ ಭಾಳ ಮಂದಿ. ಅವರ ಮಗಳು ತವರಿಗೆ ಬಂದಾಳ. ಹತ್ತೂ ದಿವಸ ಬರೇ ನೀರಿನ ಮ್ಯಾಲೆ ಉಪಾಸ ಮಾಡ್ಯಾಳ, ನಿನ್ನೆ ಪಾರಣಿ ಆತು. ಅಂಥವರ ದರ್ಶನಾ ತೊಗೋಬೇಕು.”

ನಾನು ಭಕ್ತಿಗೆ ಹೋಗಲಿಲ್ಲ. ಅವಳು ಇವತ್ತು ನನ್ನ ಮುಂದೆಯೂ ಕೈ ಮುಗಿಯಬೇಕಾಗುತ್ತದೆ ಎಂದು ಲೆಕ್ಕ ಹಾಕಿ ಹೋದೆ. ಇಷ್ಟು ವರ್ಷ ನನಗೆ ಬೇಕಾಗಿದ್ದದ್ದು ಅದೇ ಎಂದು ತಿಳಿದಿದ್ದೆ.

ಬಸದಿ ಓಣಿ

ಚಪ್ಪಲಿಗಳ ರಾಶಿಯಿದ್ದ ಬಾಗಿಲೇ ಅವರದು. ಪಡಸಾಲೆಯಲ್ಲಿ ಬಿಳಿ ಗಾದಿ ಹಾಸಿದ ತೂಗುಮಂಚವಿತ್ತು. ನನ್ನ ಜೊತೆ ಬಂದಿದ್ದ ಗೌಡರು ನೇರ ಹೋಗಿ ಅದರ ಮೇಲೆ ಕುಳಿತರು. ನಾನು ಗೋಡೆಯ ಪಕ್ಕ ನಿಂತೆ.

ಕುಸುಮ ಒಂದು ಮಣೆಯ ಮೇಲೆ ಕುಳಿತಿದ್ದಳು. ಉಪವಾಸ ಅವಳ ಮುಖವನ್ನು ಚಿಕ್ಕದು ಮಾಡಿತ್ತು, ಕೂದಲಿನಲ್ಲಿ ಬಿಳಿ ಬಂದಿತ್ತು. ಒಬ್ಬೊಬ್ಬರು ಬಂದಾಗಲೂ ಗೋಡೆ ಹಿಡಿದು ಏಳುತ್ತಿದ್ದಳು, ಕೈ ಮುಗಿಯುತ್ತಿದ್ದಳು. ನನ್ನ ಮುಂದೆ ಇದ್ದವಳು ಮನೆಗೆ ಹಾಲು ಹಾಕುವ ಹೆಂಗಸು. ಕುಸುಮ ಅವಳಿಗೆ ಹೇಳಿ, ನನ್ನತ್ತ ತಿರುಗಿದಳು. ಗುರುತು ಹಿಡಿದದ್ದು ಕಣ್ಣಿನಲ್ಲಿ ಕಂಡಿತು, ಆದರೆ ಕೈ ಆಗಲೇ ಕೂಡಿದ್ದವು, ಮಾತು ಆಗಲೇ ಹೊರಟಿತ್ತು.

“ತಿಳದೋ ತಿಳೀದನೋ ಏನರ ತಪ್ಪಾಗಿದ್ರ ಕ್ಷಮಾ ಇರ್ಲಿ.”

ಹಾಲಿನವಳಿಗೆ ಹೇಳಿದ ದನಿಯೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಪಾಲಿನದೂ ಅಷ್ಟೇ ಎಂಬುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

“ಯಾವುದಕ್ಕ?” ಎಂದುಬಿಟ್ಟೆ.

ಹಾಲಿನವಳು ನನ್ನ ಕಡೆ ತಿರುಗಿ, “ಅಯ್ಯ, ಹಂಗ ಕೇಳ್ತಾರೇನ್ರಿ ಸಾಹೇಬ್ರ! ಹಂಗ ಕೇಳಿದ್ರ ನಾಳಿ ಮುಂಜಾನಿತನಕ ಎಲ್ಲಾರ ಮನ್ಯಾಗೂ ಜಗಳನ,” ಎಂದಳು.

“ಇವರು ಧಾರವಾಡದಾಗ ಓದಿದವರು ಮಾವಶಿ,” ಎಂದಳು ಕುಸುಮ, ನಗುತ್ತ. “ಅಲ್ಲಿ ಹಿಂಗ ಕೇಳೂದನ್ನ ಕಲಸ್ತಾರ.” ನನಗೆ, “ಕುಂದ್ರಿ, ಹಾಲು ಕುಡೀರಿ,” ಎಂದಳು. ನನ್ನನ್ನು ಅವಳು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಬಂದವರು ಒಬ್ಬೊಬ್ಬರಾಗಿ ಕರಗಿದ ಮೇಲೆ ಅವಳೇ ಮಾತು ತೆಗೆದಳು. “ಕೇಳಬಾರದಾಗಿತ್ತು. ಕೇಳೀರಿ, ಅದಕ್ಕ ಹೇಳತೇನಿ. ದಾದಾ ನಿಮ್ಮನ್ನ ಮನಿಗೆ ಕರಸಿದ್ದ. ಹುಡುಗಿ ಎದುರಿಗೆ ಬ್ಯಾಡ ಅಂತ ನನ್ನ ಬೇಡಗ ಊರಿಗೆ, ಅವ್ವನ ತಂಗಿ ಮನಿಗೆ ಕಳಿಸಿದ್ರು. ನೀವು ಬಂದ್ರಿ. ಅಲ್ಲೇ, ಈಗ ಆ ಹಿರ್ಯಾರು ಕುಂತಾರಲ್ಲ, ಅಲ್ಲೇ ಕುಂತ್ರಿ. ಒಳಗ ಅಪ್ಪ ಕೋಟು ಹಾಕ್ಕೊಂಡು ಕಾಯಾಕತ್ತಿದ್ರು. ನೀವು ದಾದಾನ ಕೂಡ ಸೊಸಾಯಿಟಿಗೋಳು ಬಂದ್ರ ಸಣ್ಣ ವ್ಯಾಪಾರಿ ಉಳೀತಾನೋ ಇಲ್ಲೋ ಅಂತ ವಾದ ಹಾಕಿದ್ರಿ. ಚಹಾ ಕುಡದ್ರಿ, ಎದ್ದು ಹೋದ್ರಿ. ಕೇಳಬೇಕಾದ್ದನ್ನ ಕೇಳಲೇ ಇಲ್ಲ.”

ದಾದಾ ಅಂದರೆ ಅವಳ ಅಣ್ಣ.

“ನಾ ಈ ಮನಿಗೆ ಬಂದೇ ಇಲ್ಲ, ಕುಸುಮಾ,” ಎಂದೆ. “ಇವತ್ತ ಮೊದಲನೇ ಸಲ ಈ ಹೊಸ್ತಿಲಾ ದಾಟೇನಿ. ನೀನ ಮಿರಜದಾಗ ಹೇಳಿದಿ, ಮನಿಯವರು ನನ್ನ ಒಳಗ ಕರಿಯಾಕ ಒಪ್ಪಲಿಲ್ಲ ಅಂತ.”

“ನಾನು? ನಾ ಮಿರಜಕ್ಕ ಓಡಿ ಬಂದಿದ್ದು, ಯಾಕ ಕೇಳದ ಎದ್ದು ಹೋದಿ ಅಂತ ನಿನ್ನ ಬಾಯಿಂದ ಕೇಳಾಕ. ನೀ ಏನಂದಿ? ಗಾಡಿ ತಡಾ ಐತಿ ಅಂದಿ. ಮತ್ತೇನೂ ಅನಲಿಲ್ಲ.”

ಅವಳ ಮಾತಿನಲ್ಲಿ ಹಳೆಯ ಏಕವಚನ ಬಂದದ್ದು ನನಗೆ ಖುಷಿ ಕೊಡಬೇಕಿತ್ತು. ನನಗೆ ಭಯವಾಯಿತು. ಸಂಘ ಬಂದರೆ ಸಣ್ಣ ವ್ಯಾಪಾರಿ ಉಳಿಯುತ್ತಾನೋ ಎಂಬುದು ನನ್ನ ವಾದವೇ. ಈಗಲೂ ತರಗತಿಯಲ್ಲಿ ಅದನ್ನೇ ಹೇಳುತ್ತೇನೆ. ಹೆಣ್ಣು ಕೇಳಲು ಹೋದ ಮನೆಯಲ್ಲಿ ಆ ವಾದ ಹಾಕಿ, ಬಂದ ಕೆಲಸ ಮರೆತು ಎದ್ದು ಬರುವ ಗಂಡಸು ನಾನಲ್ಲ ಎಂದು ಎದೆ ತಟ್ಟಿ ಹೇಳಲು ನನಗೆ ಬಾಯಿ ಬರಲಿಲ್ಲ. ಟಾಕಿಯಂತೂ ಇರಬೇಕಾದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಕುಸುಮಾಳ ತಾಯಿ ಒಳಗಿನಿಂದ ಹಾಲಿನ ಬಟ್ಟಲು ತಂದರು. ಅರ್ಧ ಮಾತು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ.

“ಸೊಸಾಯಿಟಿ ಮಾತಾಡಿ ಹೋದಾಂವಾ? ಅಂವ ಇಚಲಕರಂಜಿಯಾಂವ ಅಲ್ಲೇನ? ಮಗ್ಗದ ಕಾರ್ಖಾನೆಯವರ ಹುಡುಗ, ನಿನ್ನ ಕೇಳಾಕ ಬಂದಿದ್ದ. ಕನ್ನಡಕ ಹಾಕಿದಾಂವ. ಇವರಲ್ಲವಾ. ಇವರನ್ನ ನಾ ಇವತ್ತ ನೋಡಾಕತ್ತೇನಿ.”

“ದಾದಾ ಧಾರವಾಡದಾಂವ ಅಂದಿದ್ದ, ಅವ್ವಾ.”

ತಾಯಿಯ ಕಣ್ಣು ಗೋಡೆಯ ಕಡೆಗೆ ಹೋಯಿತು. ಅಲ್ಲಿ ಗಂಧದ ಹಾರ ಹಾಕಿದ ಒಂದು ಫೋಟೋ ಇತ್ತು. ದಾದಾ ತೀರಿಕೊಂಡು ಬಹಳ ವರ್ಷವೇನೂ ಆಗಿಲ್ಲ ಎಂದು ಹಾರ ನೋಡಿಯೇ ತಿಳಿಯುತ್ತಿತ್ತು.

ತಾಯಿಯ ಮಾತು ನಿಜವಾದರೆ ಆ ಅಣ್ಣ ತಂಗಿಗೆ ಸುಳ್ಳು ಹೇಳಿದ್ದ. ಕುಸುಮಾಳ ಮಾತು ನಿಜವಾದರೆ ನಾನು ಇಡೀ ಒಂದು ದಿನವನ್ನು ನನ್ನೊಳಗಿನಿಂದ ಅಳಿಸಿ ಹಾಕಿದ್ದೆ. ತಾಯಿಯನ್ನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು. ಆ ಪ್ರಶ್ನೆ ನನ್ನ ನಾಲಿಗೆಯ ಮೇಲೆ ಸಿದ್ಧವಿತ್ತು. ಮುದುಕರ ಬಾಯಿಂದ ಹಳೆಯದನ್ನು ಹೊರಡಿಸುವುದು ನನಗೆ ಗೊತ್ತಿರುವ ಒಂದೇ ಕೆಲಸ. ಆದರೆ ಆಕೆ ಹಾಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಕೇಳಿದ ಮರುಕ್ಷಣ ಆ ಮನೆಯಲ್ಲಿ, ಅದೇ ದಿನ, ಸತ್ತ ಮಗ ಕಟಕಟೆಯಲ್ಲಿ ನಿಲ್ಲುತ್ತಿದ್ದ. ಕೇಳದಿರಲು ಇನ್ನೊಂದು ಕಾರಣವಿತ್ತು. ಫೋಟೋದ ಮುಖ ನನಗೆ ಪರಿಚಯವೆನಿಸಿತು. ಕುಸುಮಾಳ ಹುಬ್ಬೇ ಅಲ್ಲಿ ಇದ್ದದ್ದರಿಂದ ಇರಬಹುದು. ಬೇರೆ ಕಾರಣವೂ ಇರಬಹುದು. ಕನ್ನಡಕವನ್ನು ನಾನು ಆಗಲೂ ಹಾಕುತ್ತಿದ್ದೆ.

ತೂಗುಮಂಚದ ಸರಪಳಿ ಕಿರುಗುಟ್ಟಿತು. ಗೌಡರು ಎದ್ದು ನಿಂತು ತಾಯಿಗೆ ಕೈ ಮುಗಿದಿದ್ದರು.

“ಅವ್ವಾರ, ನನ್ನ ಕಡಿಂದ ಖರೇನ ಒಂದು ತಪ್ಪಾಗೇತ್ರಿ. ಯಾವುದು ಅಂತ ಹೇಳಬಾರ್ದಂತ, ಆದ್ರ ಅದು ಕಾಣಸಾಕತ್ತೇತಿ.”

ಬಿಳಿ ಗಾದಿಯ ಮೇಲೆ ಗೌಡರು ಕುಳಿತ ಜಾಗ ಅಷ್ಟೂ ಅಚ್ಚ ಹಳದಿಯಾಗಿತ್ತು. ಮೊದಲು ನಕ್ಕದ್ದು ತಾಯಿ. “ಇರ್ಲಿ ಬಿಡ್ರಿ, ಅರಿಷಿಣಾ ಐತಿ, ಶುಭ. ಕುಂದ್ರಿ, ಕುಂದ್ರಿ.” ಕುಸುಮ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಪವಾಸದ ಮೈ, ಅಷ್ಟಕ್ಕೇ ಏದುಸಿರು ಬಂತು.

ನಾನು ಎದ್ದು ಅವಳ ಮುಂದೆ ಕೈ ಮುಗಿದೆ. “ತಿಳದೋ ತಿಳೀದನೋ ಏನರ ತಪ್ಪಾಗಿದ್ರ ಕ್ಷಮಾ ಇರ್ಲಿ.” ತಾತ್ಯಾ ಹೇಳಿದಂತೆಯೇ ಹೇಳಿದೆ. ನನ್ನ ಮಟ್ಟಿಗೆ ಆ ಮಾತಿಗಿಂತ ಖಚಿತವಾಗಿ ಹೇಳಬಹುದಾದದ್ದು ಬೇರೆ ಉಳಿದಿರಲಿಲ್ಲ.

“ಇರ್ಲಿ,” ಎಂದಳು ಕುಸುಮ. ಆಮೇಲೆ ತಾಯಿಗೆ ಕೇಳಿಸದಂತೆ, “ಇಷ್ಟ ವರ್ಷ ಸಿಟ್ಟ ಮಾಡಿದ್ದು ನಿನ್ನ ಮ್ಯಾಲೋ, ಆ ಇಚಲಕರಂಜಿಯಾಂವನ ಮ್ಯಾಲೋ, ಯಾಂವಗ ಗೊತ್ತು,” ಎಂದಳು.

“ನಂದೂ ಹಂಗ ಆತು.”

ಹೊಸಬರು ಬಂದರು. ಅವಳು ಗೋಡೆ ಹಿಡಿದು ಎದ್ದಳು. ನಾವು ಚಪ್ಪಲಿ ಹುಡುಕುತ್ತಿದ್ದಾಗ ಬಾಗಿಲವರೆಗೆ ಬಂದು, “ಮುಂದಿನ ವರ್ಷ ಬರೂದು ಬ್ಯಾಡ್ರಿ,” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಕಾಯಿಲೆ ವಾಸಿಯಾದವನಿಗೆ ಡಾಕ್ಟರು ಹೇಳುವಂತೆ ಹೇಳಿದಳು.

ಓಣಿ ದಾಟುವಾಗ ಎದೆ ಹಗುರವಾಗಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಹಗುರವಾಗಿತ್ತು, ಹಲ್ಲು ಕಿತ್ತ ಜಾಗ ಹಗುರವಾಗುವಂತೆ. ಯಾರು ಬಂದಿದ್ದರು, ಯಾರು ಏನಂದರು ಎಂಬುದಕ್ಕೆ ಇನ್ನು ಆಧಾರ ಸಿಗುವುದಿಲ್ಲ. ಆಧಾರ ಬೇಡದ ಒಂದೇ ಸಂಗತಿಯೆಂದರೆ, ಮಿರಜದ ಪ್ಲಾಟ್‌ಫಾರ್ಮಿನಿಂದ ಈ ಬಾಗಿಲಿಗೆ ಅರ್ಧ ತಾಸಿನ ದಾರಿ. ಆ ದಿನ, ಅವಳು ತಿರುಗಿ ಹೋದ ಮೇಲೆ, ನಾನು ಆ ದಾರಿ ಹಿಡಿಯದೆ ಗಾಡಿ ಹತ್ತಿದೆ.

ಮರಳಿ

ಸಣ್ಣ ಗಾಡಿಯಲ್ಲಿ ಗೌಡರ ಎದುರಿಗೆ ರಾಯಬಾಗದ ಒಬ್ಬ ಹಿರಿಯರು ಕುಳಿತಿದ್ದರು. ಗೌಡರು ಅವರಿಗೆ ಕಾರ್ಖಾನೆಯ ವರ್ಣನೆ ಮಾಡಿದರು. ಗೌಡರ ಮಾತಿನಲ್ಲಿ ಕಾರ್ಖಾನೆ ನಡೆಯುತ್ತಿತ್ತು, ಹೊಗೆ ಬಿಡುತ್ತಿತ್ತು, ಸಕ್ಕರೆ ಮಳೆಯಂತೆ ಸುರಿಯುತ್ತಿತ್ತು. ಬೇರೆ ದಿನವಾಗಿದ್ದರೆ ನಡುವೆ ಬಾಯಿ ಹಾಕುತ್ತಿದ್ದೆ. ಕಿಟಕಿಯ ಆಚೆ ಕಬ್ಬು ಓಡುತ್ತಿತ್ತು, ಅದನ್ನು ನೋಡುತ್ತ ಕುಳಿತೆ.

“ಮಂದಿ ಭಾಳ ಛಲೋರಿ,” ಎಂದರು ಗೌಡರು. “ನಮ್ಮ ಸರ್‌ನ ತಂಗಿ ಮನಿ ಅಲ್ಲೇ ಐತಿ, ಸಾಂಗ್ಲ್ಯಾಗ. ಅವರ ಗಾದಿ ಹೊಲಸ ಮಾಡಿದ್ರೂ ಒಂದು ಮಾತು ಅನಲಿಲ್ಲ ನೋಡ್ರಿ.”

ರಾಯಬಾಗದವರು ನನ್ನ ಕಡೆ ನೋಡಿದರು. “ಹೌದ್ರೀ? ಕೊಟ್ಟ ಮನಿ ಹೆಂಗೈತ್ರಿ ತಂಗೀದು? ಮಕ್ಕಳೆಷ್ಟು?”

“ಛಲೋ ಐತ್ರಿ,” ಎಂದೆ. “ಇಬ್ಬರು.”

ನಾನು ಅವಳನ್ನು ಕೇಳಿಯೇ ಇರಲಿಲ್ಲ. ಮಕ್ಕಳನ್ನಾಗಲಿ, ಗಂಡನನ್ನಾಗಲಿ, ಯಾವ ಊರಿಗೆ ಕೊಟ್ಟಿದ್ದಾರೆ ಎಂಬುದನ್ನಾಗಲಿ, ಹತ್ತು ದಿನ ನೀರಿನ ಮೇಲೆ ಇರುವಂಥದ್ದು ಅವಳಿಗೆ ಏನಿತ್ತು ಎಂಬುದನ್ನಾಗಲಿ.